ಉತಾರದ 2.20 ಮತ್ತು ಗಣಿತ ಮಾಸ್ತರರ 50 ಗಂಟೆ

ಕುಂದಗೋಳ ಕಡೆಯ ಒಂದು ಹಳ್ಳಿ ಶಾಲೆ, ಏಳನೇ ತರಗತಿ, ದಶಮಾಂಶದ ಪಾಠ. ಬೋರ್ಡಿನ ಮೇಲೆ 2.20 ಮತ್ತು 2.3 ಅಂತ ಬರೆದು ಯಾವುದು ದೊಡ್ಡದು ಎಂದು ಕೇಳಿದೆ. ಹಿಂದೆ ಕೂತ ಹುಡುಗನೊಬ್ಬ ಕೈ ಕೂಡ ಎತ್ತದೆ 2.20 ಅಂದ. ತಪ್ಪು ಅಂದೆ. 2.3ರ ಪಕ್ಕ ಒಂದು ಸೊನ್ನೆ ಸೇರಿಸಿ, ಈಗ ನೋಡು 20 ದೊಡ್ಡದೋ 30 ದೊಡ್ಡದೋ ಅಂತ ಕೇಳಿ, ಅವನ ಬಾಯಿಂದ 30 ಅನ್ನಿಸಿ, ಮುಂದಿನ ಲೆಕ್ಕಕ್ಕೆ ಹೋದೆ. ಶಾಲೆ ಬಿಟ್ಟ ಮೇಲೆ ಅವನು ಸೈಕಲ್ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದ. "ಸರ, ನಮ್ಮ ಹೊಲ 2.20 ಐತ್ರಿ. ಎರಡೂವರಿ ಎಕರೆ. 2.3 ಅಂದ್ರ ಎರಡ ಎಕರೆ ಮೂರ ಗುಂಟೆ ಅಲ್ಲೇನ್ರಿ? ಅದ್ಹೆಂಗ ದೊಡ್ಡದಾಗ್ತೈತ್ರಿ?"

ತಕ್ಷಣಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ಯಾಕಂದರೆ ಅವನ ಮಾತು ಸರಿ ಇತ್ತು. ನಮ್ಮ ಕಡೆ ಉತಾರ ಅನ್ನುತ್ತೇವಲ್ಲ, ಪಹಣಿ, ಅದರಲ್ಲಿ ಹೊಲದ ಅಳತೆ 2.20.00 ಅಂತಲೇ ಇರುತ್ತದೆ. ಮೊದಲು ಎಕರೆ, ಆಮೇಲೆ ಗುಂಟೆ, ಆಮೇಲೆ ಆಣೆ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಅಲ್ಲಿನ ಚುಕ್ಕೆ ದಶಮಾಂಶದ ಚುಕ್ಕೆಯೇ ಅಲ್ಲ, ಎರಡು ಅಳತೆಗಳ ನಡುವಿನ ಗೋಡೆ. ಹುಡುಗ ಹುಟ್ಟಿದಾಗಿನಿಂದ ನೋಡಿದ ಚುಕ್ಕೆ ಅದೇ. ಇನ್ನೊಂದು ಚುಕ್ಕೆ ಅವನಿಗೆ ಗೊತ್ತಿರುವುದು ಕ್ರಿಕೆಟ್ಟಿನದು. 4.3 ಓವರ್ ಅಂದರೆ ನಾಲ್ಕೂವರೆ ಓವರ್, ಅಲ್ವಾ? ಮೂರನೇ ಚುಕ್ಕೆ ಅಂಗಡಿಯದು. ಎರಡೂವರೆ ರೂಪಾಯಿಗೆ 2.5 ಅಂತ ಬರೆದರೆ ಎರಡು ರೂಪಾಯಿ ಐದು ಪೈಸೆ ಅಂತ ಓದುವ ಮಕ್ಕಳಿದ್ದಾರೆ. ಇಷ್ಟೆಲ್ಲ ಚುಕ್ಕೆಗಳ ನಡುವೆ ನಾನು ನಾಲ್ಕನೇ ಚುಕ್ಕೆ ತಂದು ಬೋರ್ಡಿನ ಮೇಲಿಟ್ಟಿದ್ದೆ, ಅದು ಬೇರೆ ಜಾತಿಯದು ಅಂತ ಹೇಳದೆಯೇ.

ಮರುದಿನ ಅದೇ ಪ್ರಶ್ನೆ ಕೊಟ್ಟು, ಉತ್ತರದ ಜೊತೆ ಕಾರಣವನ್ನೂ ಬರೆಯಿರಿ ಅಂದೆ. 2.20 ದೊಡ್ಡದು ಅಂದವರಲ್ಲಿ ಹೆಚ್ಚಿನವರ ಕಾರಣ ಬೇರೆಯೇ ಇತ್ತು. ಚುಕ್ಕೆಯ ಆಚೆ ಇರುವುದನ್ನು ಇಡೀ ಸಂಖ್ಯೆಯಂತೆ ಓದಿ, 20 ಎಲ್ಲಿ 3 ಎಲ್ಲಿ ಅಂತ ಬರೆದಿದ್ದರು. ಗುಂಟೆಯ ಲೆಕ್ಕ ಹಾಕಿದವರು ಇಬ್ಬರು ಮಾತ್ರ. ಇನ್ನೂ ಮಜಾ ಅಂದರೆ ಸರಿ ಉತ್ತರ ಬರೆದ ಒಬ್ಬ ಹುಡುಗಿಯದು. 2.3 ದೊಡ್ಡದು, ಯಾಕಂದರೆ ಚುಕ್ಕೆ ಆದ ಮೇಲೆ ಅಂಕಿ ಜಾಸ್ತಿ ಇದ್ದಷ್ಟೂ ಚೂರು ಸಣ್ಣದಾಗುತ್ತದೆ ಅಂತ ಬರೆದಿದ್ದಳು. ಅವಳಿಗೆ 2.3 ಮತ್ತು 2.45 ಕೊಟ್ಟು ನೋಡಿದೆ. 2.3 ದೊಡ್ಡದು ಅಂದಳು. ಅಂದರೆ ನಿನ್ನೆ ನಾನು ಅವಳ ಪಟ್ಟಿಯಲ್ಲಿ (ನೋಟ್‌ಬುಕ್ಕಿಗೆ ನಮ್ಮ ಕಡೆ ಪಟ್ಟಿ ಅಂತಾರೆ) ಹಾಕಿದ ರೈಟ್ ಮಾರ್ಕ್ ಸುಳ್ಳು.

ಇದು ನಮ್ಮ ಹಳ್ಳಿಯ ವಿಶೇಷವೇನಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲೆ ಅನ್ನುವ ಇಬ್ಬರು ದಶಮಾಂಶದಲ್ಲಿ ಮಕ್ಕಳು ಮಾಡುವ ಇಂಥ ತಪ್ಪುಗಳನ್ನು ವರ್ಷಗಟ್ಟಲೆ ಹುಡುಕಿ, ಉದ್ದ ಇದ್ದದ್ದು ದೊಡ್ಡದು ಅನ್ನುವವರು, ಗಿಡ್ಡ ಇದ್ದದ್ದು ದೊಡ್ಡದು ಅನ್ನುವವರು ಅಂತ ಗುಂಪು ಮಾಡಿದ್ದಾರೆ. ಯಾವ ಜೋಡಿ ಸಂಖ್ಯೆ ಕೊಟ್ಟರೆ ಯಾವ ಗುಂಪಿನ ಮಗು ಸಿಕ್ಕಿಬೀಳುತ್ತದೆ ಎನ್ನುವುದನ್ನೂ ತೋರಿಸಿದ್ದಾರೆ. ಗುಂಟೆಯ ಗುಂಪು ಮಾತ್ರ ನಮ್ಮದೇ.

ಇಷ್ಟು ಹೇಳಿದ್ದು ಯಾಕೆಂದರೆ, ಇಷ್ಟು ವರ್ಷದ ನೌಕರಿಯಲ್ಲಿ ನಾನು ಹೋದ ತರಬೇತಿಗಳಿಗೆ ಲೆಕ್ಕವಿಲ್ಲ, ಆದರೆ ಮಗು ತಪ್ಪು ಉತ್ತರಕ್ಕೆ ಹೇಗೆ ಬಂತು ಅಂತ ಕೂತು ನೋಡಿದ ತರಬೇತಿ ಒಂದೂ ನೆನಪಿಗೆ ಬರುತ್ತಿಲ್ಲ.

ಈಗ ತರಬೇತಿಯ ಮಾತು ಮತ್ತೆ ಜೋರಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕು ಎಂದಿತು. ಅದಕ್ಕೂ ಮುಂಚೆ 2019ರಲ್ಲಿ ಬಂದ ನಿಷ್ಠಾ ತರಬೇತಿ ಕಾರ್ಯಕ್ರಮದ ಗುರಿ ದೇಶದ ಸುಮಾರು 42 ಲಕ್ಷ ಶಿಕ್ಷಕರು. ನಮ್ಮ ಭಾಗಕ್ಕಂತೂ ತರಬೇತಿ ಹೊಸದಲ್ಲ. ಧಾರವಾಡ ಅಂದರೆ ಡೆಪ್ಯುಟಿ ಚನ್ನಬಸಪ್ಪನವರು 19ನೇ ಶತಮಾನದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಊರು. ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್ ಅಲ್ಲಿದೆ, ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿ ಅಲ್ಲಿದೆ. ಕಟ್ಟಡ, ಆದೇಶ, ಮಾಡ್ಯೂಲು ಯಾವುದಕ್ಕೂ ಬರ ಇಲ್ಲ.

ಒಂದು ತರಬೇತಿ ದಿನ ಹೇಗಿರುತ್ತದೆ ಅಂತ ಹೊರಗಿನವರಿಗೆ ಹೇಳುತ್ತೇನೆ. ಆದೇಶದಲ್ಲಿ ಹತ್ತು ಗಂಟೆಗೆ ಅಂತ ಇರುತ್ತದೆ. ನೋಂದಣಿ, ಪ್ರಾರ್ಥನೆ, ದೀಪ ಬೆಳಗುವುದು, ಅತಿಥಿಗಳ ಹಿತವಚನ, ವಂದನಾರ್ಪಣೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ಹನ್ನೊಂದೂವರೆ. ಆಮೇಲೆ ಸಂಪನ್ಮೂಲ ವ್ಯಕ್ತಿ ಸ್ಲೈಡ್ ಓದುತ್ತಾರೆ. ಪಾಪ, ಅವರೂ ನಮ್ಮ ಹಾಗೆ ಶಿಕ್ಷಕರೇ, ಮೂರು ದಿನ ಮೇಲಿನ ಹಂತದ ತರಬೇತಿಗೆ ಹೋಗಿ ಬಂದವರು. ಅವರಿಗೆ ಕಲಿಸಿದವರು ಇನ್ನೂ ಮೇಲಿನ ಹಂತಕ್ಕೆ ಹೋಗಿ ಬಂದವರು. ಬೆಂಗಳೂರಿನಲ್ಲಿ ಗಟ್ಟಿ ಮೊಸರಾಗಿದ್ದದ್ದು ಜಿಲ್ಲೆಗೆ ಬರುವಾಗ ಮಜ್ಜಿಗೆ, ತಾಲೂಕಿಗೆ ಬರುವಾಗ ನೀರು ಮಜ್ಜಿಗೆ. ಮಧ್ಯಾಹ್ನ ಊಟ (ಊಟ ಚೆನ್ನಾಗಿರುತ್ತದೆ, ಅದನ್ನು ಮುಚ್ಚಿಡಬಾರದು), ಗುಂಪು ಚಟುವಟಿಕೆ, ಡ್ರಾಯಿಂಗ್ ಶೀಟಿನ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದದ್ದನ್ನು ಹಿಡಿದು ಗ್ರೂಪ್ ಫೋಟೊ. ನಾಲ್ಕೂವರೆಗೆ ಹಾಜರಿ ಪತ್ರ. ಅದು ಕೊನೆಗೆ ಸಿಗುವುದೇ ಜನ ಕೊನೆವರೆಗೂ ಕೂರಲಿ ಅಂತ. ಆನ್‌ಲೈನ್ ಕೋರ್ಸಾದರೆ ದೀಪ ಬೆಳಗುವುದು ತಪ್ಪುತ್ತದೆ ಅಷ್ಟೇ. ವಿಡಿಯೋ ಒಂದು ಕಡೆ ಓಡುತ್ತಿರುತ್ತದೆ, ಒಲೆಯ ಮೇಲೆ ಪಲ್ಯ ಇನ್ನೊಂದು ಕಡೆ.

ಹಾಗಾದರೆ ಗಂಟೆ ಜಾಸ್ತಿ ಮಾಡಿದರೆ ಸರಿ ಹೋಗುತ್ತದೆಯೇ? ಅಮೆರಿಕದಲ್ಲಿ ಇದರ ಬಗ್ಗೆ ಎರಡು ಅಧ್ಯಯನ ಇವೆ, ಒಂದರ ಪಕ್ಕ ಒಂದಿಟ್ಟು ಓದಬೇಕು. ಮೊದಲನೆಯದು 2007ರದು. ಶಿಕ್ಷಕರ ತರಬೇತಿ ಬಗ್ಗೆ ಬಂದ 1300ಕ್ಕೂ ಜಾಸ್ತಿ ಅಧ್ಯಯನಗಳನ್ನು ಜರಡಿ ಹಿಡಿದರು, ಗಟ್ಟಿ ಅನ್ನಿಸಿ ಉಳಿದದ್ದು ಕೇವಲ 9. ಅವುಗಳಲ್ಲಿ ಸರಾಸರಿ 49 ಗಂಟೆ ತರಬೇತಿ ಪಡೆದವರ ಮಕ್ಕಳು ಸಾಕಷ್ಟು ಮುಂದೆ ಬಂದಿದ್ದರು. 14 ಗಂಟೆ ಮತ್ತು ಅದಕ್ಕಿಂತ ಕಡಿಮೆ ಇದ್ದಲ್ಲಿ ಏನೂ ಕಾಣಲಿಲ್ಲ. ನಮ್ಮ ಎರಡು ದಿನದ ತರಬೇತಿ ಅಂದರೆ ಹೆಚ್ಚೂಕಮ್ಮಿ 12 ಗಂಟೆ, ದೀಪ ಬೆಳಗಿದ್ದೂ ಸೇರಿ. ಇಷ್ಟೇ ಓದಿದರೆ 50 ಗಂಟೆಯ ನಿಯಮಕ್ಕೆ ಕೈ ಮುಗಿಯಬಹುದು. ಆದರೆ ಆಮೇಲೆ ಅಲ್ಲಿನ ಸರ್ಕಾರವೇ ಇನ್ನೊಂದು ದೊಡ್ಡ ಪ್ರಯೋಗ ಮಾಡಿಸಿತು. ಏಳನೇ ತರಗತಿಯ ಗಣಿತ ಶಿಕ್ಷಕರು, ವಿಷಯವೂ ನಮ್ಮದೇ, ಭಿನ್ನರಾಶಿ, ದಶಮಾಂಶ, ಅನುಪಾತ, ಶೇಕಡ. ಎರಡು ವರ್ಷದಲ್ಲಿ ನೂರು ಗಂಟೆಗೂ ಮೀರಿ ತರಬೇತಿ, ಜೊತೆಗೆ ತರಗತಿಗೇ ಬಂದು ಸಹಾಯ ಮಾಡುವವರು. ಫಲ? ಮಕ್ಕಳ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಗಂಟೆ ಕಡಿಮೆಯಾದರೆ ಕೆಲಸ ಆಗುವುದಿಲ್ಲ ನಿಜ, ಆದರೆ ಗಂಟೆ ಇದ್ದ ಮಾತ್ರಕ್ಕೆ ಆಗುತ್ತದೆ ಅಂತಲೂ ಇಲ್ಲ. ನಾವು ಮಾತ್ರ ಗಂಟೆಯನ್ನೇ ಹಿಡಿದುಕೊಂಡಿದ್ದೇವೆ. ಎಣಿಸುವುದಕ್ಕೆ ಅದು ಸುಲಭ ನೋಡಿ.

ನನ್ನ ತಲೆಯಲ್ಲಿ ಉಳಿದದ್ದು ಮೂರನೆಯ ಅಧ್ಯಯನ. ಗಣಿತದ್ದಲ್ಲ, ವಿಜ್ಞಾನದ್ದು, 2013ರದು, ಫಿಲಿಪ್ ಸ್ಯಾಡ್ಲರ್ ಮತ್ತು ಜೊತೆಗಾರರು ಮಾಡಿದ್ದು. 181 ಶಿಕ್ಷಕರಿಗೆ ಅವರ ಮಕ್ಕಳು ಬರೆಯುವ ಪ್ರಶ್ನೆಪತ್ರಿಕೆಯನ್ನೇ ಕೊಟ್ಟು ಎರಡು ಕೇಳಿದರು: ಸರಿ ಉತ್ತರ ಯಾವುದು, ಮಕ್ಕಳು ಜಾಸ್ತಿ ಆರಿಸುವ ತಪ್ಪು ಉತ್ತರ ಯಾವುದು. ಹೆಚ್ಚಿನ ಪ್ರಶ್ನೆಗಳ ಸರಿ ಉತ್ತರ ಅವರಿಗೆ ಗೊತ್ತಿತ್ತು. ತಪ್ಪು ಉತ್ತರವನ್ನು ಊಹಿಸುವುದರಲ್ಲಿ ಬಹಳ ಜನ ಎಡವಿದರು. ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂತ ತಪ್ಪು ಕಲ್ಪನೆಗಳ ವಿಷಯದಲ್ಲಿ, ಎರಡೂ ಗೊತ್ತಿದ್ದ ಶಿಕ್ಷಕರ ಮಕ್ಕಳೇ ಜಾಸ್ತಿ ಕಲಿತಿದ್ದರು. ಓದು, ಲೆಕ್ಕ ಎರಡರಲ್ಲೂ ಹಿಂದಿದ್ದ ಮಕ್ಕಳಿಗೆ ಇದರಿಂದ ಅಂಥ ಲಾಭ ಕಾಣಲಿಲ್ಲ ಎನ್ನುವುದನ್ನೂ ಹೇಳಬೇಕು, ಅದೂ ಅದೇ ಅಧ್ಯಯನದಲ್ಲಿದೆ. ಆದರೂ ನನ್ನ ವಾದದ ಬೇರು ಇಲ್ಲಿಯೇ ಇದೆ. ಗಣಿತ ಎಂ.ಎಸ್ಸಿ. ಮಾಡಿದವರಿಗೆ ಗಣಿತ ಗೊತ್ತು. ಬಿ.ಎಡ್.ನಲ್ಲಿ ಪಾಠ ಯೋಜನೆ ಬರೆಯುವುದು ಗೊತ್ತಾಗುತ್ತದೆ. 2.20 ಅಂದ ಹುಡುಗ ಉತಾರ ನೋಡಿ ಹೇಳಿದನೋ, 20 ನೋಡಿ ಹೇಳಿದನೋ ಅಂತ ಕಂಡುಹಿಡಿಯುವ ವಿದ್ಯೆ ಇವೆರಡೂ ಅಲ್ಲ. ಅದು ಗಣಿತ ಕಲಿಸುವವರ ಕಸುಬಿನ ವಿದ್ಯೆ, ಅಕ್ಕಸಾಲಿಗನಿಗೆ ಒರೆಗಲ್ಲು ಇದ್ದ ಹಾಗೆ, ಮತ್ತು ಅದು ಕೂತಿರುವುದು ಮಕ್ಕಳ ಪಟ್ಟಿಯಲ್ಲಿ, ಕೆಂಪು ಇಂಟು ಮಾರ್ಕಿನ ಕೆಳಗೆ.

ಶಿಕ್ಷಕರ ಸ್ವಂತ ಗಣಿತದ ವಿಷಯವೂ ಇದೆ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಬಹಳ ಜನ ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಡಿ.ಎಡ್. ಮಾಡಿದವರು, ಗಣಿತ ಬಿಟ್ಟದ್ದು ಎಸ್ಸೆಸ್ಸೆಲ್ಸಿಯಲ್ಲಿ. ಇದರಲ್ಲಿ ನಾಚಿಕೆಪಡುವುದು ಏನಿಲ್ಲ, ಬೇರೆ ದೇಶದಲ್ಲೂ ಇದೇ ಕತೆ. ಲಿಪಿಂಗ್ ಮಾ ಎಂಬ ಸಂಶೋಧಕಿ 23 ಅಮೆರಿಕನ್ ಶಿಕ್ಷಕರಿಗೆ ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ ಅಂದಾಗ ಪೂರ್ತಿ ಸರಿ ಮಾಡಿದವರು 9 ಜನ. ಅದಕ್ಕೊಂದು ಸರಿಯಾದ ಕತೆ ಕಟ್ಟಿ ಅಂದಾಗ ಒಬ್ಬರೇ ಗೆದ್ದರು. ಚೀನಾದ 72 ಶಿಕ್ಷಕರು ಎಲ್ಲರೂ ಲೆಕ್ಕ ಬಿಡಿಸಿದರು, ಕತೆಯನ್ನೂ ಹೆಚ್ಚಿನವರು ಕಟ್ಟಿದರು. ಅವರೇನು ದೊಡ್ಡ ಡಿಗ್ರಿ ಮಾಡಿದವರಲ್ಲ, ಶಾಲೆಯಲ್ಲಿ ಜೊತೆಗಾರರೊಂದಿಗೆ ಪಾಠಪುಸ್ತಕ ಹಿಡಿದು ಕೂತು ಮಾತಾಡುವ ರೂಢಿ ಅವರಿಗಿತ್ತು. ಜಪಾನಿನಲ್ಲೂ ಹಾಗೇ. ನಾಲ್ಕೈದು ಶಿಕ್ಷಕರು ಸೇರಿ ಒಂದೇ ಒಂದು ಪಾಠ ಯೋಚಿಸುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ಹಿಂದೆ ನಿಂತು ಮಾಸ್ತರನನ್ನು ಬಿಟ್ಟು ಮಕ್ಕಳನ್ನು ನೋಡುತ್ತಾರೆ, ಆಮೇಲೆ ಕೂತು ಅದನ್ನು ಬಿಚ್ಚಿ ಬಿಚ್ಚಿ ನೋಡುತ್ತಾರೆ.

ನಮ್ಮಲ್ಲಿ ಇದಕ್ಕೆ ಜಾಗವೇ ಇಲ್ಲ ಅನ್ನುವಂತಿಲ್ಲ. ಕ್ಲಸ್ಟರ್ ಸಮಾಲೋಚನಾ ಸಭೆ ಇದೆಯಲ್ಲ! ಹತ್ತಿರದ ಶಾಲೆಗಳ ಶಿಕ್ಷಕರು ಒಂದೆಡೆ ಸೇರುವುದು, ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ನಡೆಸುವುದು. ಹುಟ್ಟುಹಾಕಿದ್ದೇ ಪಾಠದ ಬಗ್ಗೆ ಮಾತಾಡಲಿ ಅಂತ. ನಾನು ಕಂಡ ಸಭೆಗಳಲ್ಲಿ ಮಾತು ಆಧಾರ್ ಜೋಡಣೆಯಿಂದ ಶುರುವಾಗಿ, ಶೂ ಮತ್ತು ಸಾಕ್ಸಿನ ಲೆಕ್ಕ, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು, ಯಾವ ಶಾಲೆಯ ಮಾಹಿತಿ ಇನ್ನೂ ಅಪ್‌ಲೋಡ್ ಆಗಿಲ್ಲ, ಇಷ್ಟರಲ್ಲಿ ಮುಗಿಯುತ್ತದೆ. ನಮಗೆ ಸಂಖ್ಯಾಶಾಸ್ತ್ರ ಚೆನ್ನಾಗಿ ಬರುವುದು ಮೊಟ್ಟೆಯಿಂದಲೇ. 2025ರ ಸೆಪ್ಟೆಂಬರಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಬಂದಾಗ ದಸರೆ ರಜೆ ಅಕ್ಟೋಬರ್ 18ರ ತನಕ ಎಳೆಯಿತು, ನಾವು ಮನೆ ಮನೆ ತಿರುಗಿದೆವು. ಸಮೀಕ್ಷೆ ಬೇಡ ಅಂತ ಹೇಳುತ್ತಿಲ್ಲ. ಆ ದಿನಗಳು ಎಲ್ಲಿಂದ ಬಂದವು ಅಂತ ಕೇಳುತ್ತಿದ್ದೇನೆ.

ಹೈಸ್ಕೂಲಿನಲ್ಲಿ ಬೇರೆಯದೇ ಒತ್ತಡ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಫಲಿತಾಂಶ ಶೇ 73.40ಕ್ಕೆ ಬಂತು, ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. ಆಗಿನಿಂದ ಗಣಿತ ಶಿಕ್ಷಕರನ್ನು ಕರೆಯುವ ಕಾರ್ಯಾಗಾರ ಅಂದರೆ ಫಲಿತಾಂಶ ಸುಧಾರಣೆಯ ಕಾರ್ಯಾಗಾರ. ಅಲ್ಲಿ ಸಿಗುವುದು ಪಾಸಿಂಗ್ ಪ್ಯಾಕೇಜ್. ಥೇಲ್ಸ್ ಪ್ರಮೇಯ ಬಾಯಿಪಾಠ, ಗ್ರಾಫ್ ಲೆಕ್ಕ ಹತ್ತು ಸಲ, ಇಷ್ಟು ಮಾಡಿದರೆ ಇಷ್ಟು ಅಂಕ ಗ್ಯಾರಂಟಿ. ನಾನೂ ಕೊಟ್ಟಿದ್ದೇನೆ ಆ ಪ್ಯಾಕೇಜು, ಕೊಡದಿದ್ದರೆ ಫಲಿತಾಂಶ ಬಂದ ಮೇಲೆ ನೋಟಿಸಿಗೆ ಉತ್ತರ ಬರೆಯುವವರು ಯಾರು? ಆದರೆ ಹತ್ತನೇ ತರಗತಿಯಲ್ಲಿ ಪ್ಯಾಕೇಜ್ ಬೇಕಾಗಿರುವುದೇ ಐದನೇ ತರಗತಿಯಲ್ಲಿ ಭಾಗಾಕಾರ ಜಾರಿ ಹೋದ ಮಗುವಿಗೆ. ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ 2024ರಲ್ಲಿ ದೇಶದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 30.7. 2022ರಲ್ಲಿ ಶೇ 25.6 ಇತ್ತು, ಸ್ವಲ್ಪ ಏರಿದೆ ಅನ್ನಿ.

ಇನ್ನು ಟಿಇಟಿ, ಶಿಕ್ಷಕರ ಅರ್ಹತಾ ಪರೀಕ್ಷೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಅಂತ ಹೇಳಿತು. ಆವತ್ತಿನಿಂದ ಸ್ಟಾಫ್ ರೂಮಿನಲ್ಲಿ ನಲವತ್ತೈದು ದಾಟಿದವರ ಕೈಯಲ್ಲಿ ಗೈಡು ಕಾಣುತ್ತಿದೆ. ಒಂದು ರೀತಿಯಲ್ಲಿ ಒಳ್ಳೆಯದೇ, ಪುಸ್ತಕ ಹಿಡಿದರಲ್ಲ. ಆದರೆ ಅದು ಪರೀಕ್ಷೆ, ಕಲಿಕೆಯಲ್ಲ. ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು ಹಾಕುವುದು ಬಂದ ಮಾತ್ರಕ್ಕೆ ಸೈಕಲ್ ಹಿಡಿದ ಹುಡುಗನಿಗೆ ಉತ್ತರ ಸಿಗುವುದಿಲ್ಲ. ಅತಿಥಿ ಶಿಕ್ಷಕರ ಕತೆ ಕೇಳುವವರೇ ಇಲ್ಲ. ಗಣಿತದ ಹುದ್ದೆ ಖಾಲಿ ಇದ್ದ ಕಡೆ ವರ್ಷವಿಡೀ ಪಾಠ ಮಾಡುವವರು ಅವರು, ತರಬೇತಿಯ ಪಟ್ಟಿಯಲ್ಲಿ ಹೆಸರು ಇರುವುದು ಅಪರೂಪ.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಕೆಲವು ವರ್ಷದ ಹಿಂದೆ ಗುರುಚೇತನ ತರಬೇತಿ ಬಂದಾಗ ಶಿಕ್ಷಕರೇ ತಮಗೆ ಬೇಕಾದ ಮಾಡ್ಯೂಲ್ ಆರಿಸಿಕೊಳ್ಳುವ ಅವಕಾಶ ಇತ್ತು. ಆರಿಸಿಕೊಂಡು ಬಂದವರ ಮುಖವೇ ಬೇರೆ, ಕಳಿಸಿದ್ದಕ್ಕೆ ಬಂದವರ ಮುಖವೇ ಬೇರೆ. ಗಣಿತ ಕಲಿಕಾ ಆಂದೋಲನದ ಕಿಟ್ ಕೂಡ ಚೆನ್ನಾಗಿದೆ. ಆದರೆ ಎಷ್ಟೋ ಕಡೆ ಅದು ಬೀರುವಿನಲ್ಲಿದೆ, ಬೀರುವಿನ ಕೀಲಿ ಹೆಡ್ಮಾಸ್ತರರ ಹತ್ತಿರ. ಕಳೆದರೆ ಯಾರು ಲೆಕ್ಕ ಕೊಡುವವರು?

ಶ್ರಾವಣದ ಒಂದು ಶನಿವಾರ ನಾವು ನಾಲ್ಕು ಜನ ಸೇರಿದೆವು, ಬೆಳಗಿನ ಶಾಲೆ ಮುಗಿಸಿಕೊಂಡು. ಯಾರೂ ಆದೇಶ ಮಾಡಿರಲಿಲ್ಲ. ಅಣ್ಣಿಗೇರಿ ಕಡೆಯಿಂದ ಒಬ್ಬ ಅಕ್ಕಾರು (ಶಿಕ್ಷಕಿ) ಬಂದಿದ್ದರು, ನವಲಗುಂದದ ಕಡೆಯವರು ಇಬ್ಬರು. ಕರಾರು ಒಂದೇ. ಪ್ರತಿಯೊಬ್ಬರೂ ಮೂರು ಪಟ್ಟಿ ತರಬೇಕು, ಮೂರರಲ್ಲೂ ತಪ್ಪು ಉತ್ತರವೇ ಇರಬೇಕು. ಒಬ್ಬರ ಪಟ್ಟಿಯಲ್ಲಿ 816ನ್ನು 8ರಿಂದ ಭಾಗಿಸಿದರೆ 12 ಅಂತ ಇತ್ತು. ಮಗ್ಗಿ ತಪ್ಪಿಲ್ಲ, ಕ್ರಮ ತಪ್ಪಿಲ್ಲ. ನಡುವಿನ 1ರಲ್ಲಿ 8 ಹೋಗುವುದಿಲ್ಲ, ಹಾಗಾಗಿ ಮಗು ಏನೂ ಬರೆಯದೆ ಮುಂದೆ ಹೋಗಿದೆ. ಸೊನ್ನೆ ಅಂದರೆ ಏನೂ ಇಲ್ಲ ಅಂತ ನಾವೇ ಒಂದನೇ ತರಗತಿಯಲ್ಲಿ ಹೇಳಿಕೊಟ್ಟಿದ್ದೇವಲ್ಲ, ಏನೂ ಇಲ್ಲದ್ದನ್ನು ಯಾಕೆ ಬರೆಯಬೇಕು? ಈ ಒಂದು ಲೆಕ್ಕದ ಮೇಲೆ ಮುಕ್ಕಾಲು ಗಂಟೆ ಹೋಯಿತು. ಎಂಟು ಮನೆಗೆ 816 ರೂಪಾಯಿ ಹಂಚಿದರೆ ಮನೆಗೆ 12 ಬರುತ್ತದೆಯೇ, ಲೆಕ್ಕಕ್ಕೆ ಮುಂಚೆ ಅಂದಾಜು ಕೇಳಿದರೆ ಹೇಗೆ, ನೂರರ ನೋಟು ಹತ್ತರ ನೋಟು ಇಟ್ಟು ಹಂಚಿಸಿದರೆ ಆ ಸೊನ್ನೆ ಎಲ್ಲಿ ಕಾಣುತ್ತದೆ.

ಅಕ್ಕಾರು ತಂದದ್ದು ಭಿನ್ನರಾಶಿ. ಒಂದೂಮುಕ್ಕಾಲು ಕೆಜಿ ಜೋಳದ ಹಿಟ್ಟಿದೆ, ಒಂದು ಹೊತ್ತಿನ ರೊಟ್ಟಿಗೆ ಅರ್ಧ ಕೆಜಿ ಬೇಕು, ಎಷ್ಟು ಹೊತ್ತಿಗೆ ಸಾಕಾಗುತ್ತದೆ? ಹುಡುಗಿ ಮೂರೂಕಾಲು ಅಂತ ಬರೆದಿದ್ದಳು. ಮೂರು ಹೊತ್ತು ಆಯಿತು, ಕಾಲು ಕೆಜಿ ಉಳಿಯಿತು, ಆದ್ದರಿಂದ ಮೂರೂಕಾಲು. ನಮ್ಮಲ್ಲೇ ಒಬ್ಬರು, ಸರಿ ಇದೆಯಲ್ಲ ಅಂದರು. ಒಂದು ನಿಮಿಷ ಎಲ್ಲರೂ ಸುಮ್ಮನಾದೆವು. ತಿರುಗಿಸಿ ಗುಣಿಸಿದರೆ ಮೂರೂವರೆ ಬರುತ್ತದೆ, ಅದು ಎಲ್ಲರಿಗೂ ಗೊತ್ತು, ಆದರೆ ಉಳಿದ ಕಾಲು ಅರ್ಧ ಯಾಕಾಯಿತು? ಅಕ್ಕಾರು ನಕ್ಕು, "ಆ ಕಾಲು ಕೆಜಿಯೊಳಗ ಎಷ್ಟ ಹೊತ್ತಿನ ರೊಟ್ಟಿ ಆಗ್ತಾವರೀ? ಅರ್ಧ ಹೊತ್ತಿಂದು" ಅಂದರು. ಉಳಿದದ್ದು ಕಾಲು ಕೆಜಿ, ಆದರೆ ಅದು ಅರ್ಧ ಹೊತ್ತಿನ ಊಟ. ಸುಮಾರು ವರ್ಷದಿಂದ ಇದನ್ನು ಕಲಿಸುತ್ತಿರುವ ಮೂವರು ಗಂಡಸರಿಗೆ ಇದು ಹೊಳೆದಿರಲಿಲ್ಲ. ತಪ್ಪು ಹೊಳೆಯದ್ದೂ ರೊಟ್ಟಿ ಬಡಿಯದ್ದೂ ಎರಡಕ್ಕೂ ಸಂಬಂಧ ಇದ್ದರೂ ಇರಬಹುದು.

ಕೊನೆಗೆ ನನ್ನ ಉತಾರದ ಹುಡುಗ. ಉತಾರದ ಜೆರಾಕ್ಸನ್ನೇ ತರಗತಿಗೆ ತರಬೇಕು ಅಂತ ಆಯಿತು. ಒಂದು ಕಡೆ ಗುಂಟೆಯ 2.20, ಇನ್ನೊಂದು ಕಡೆ ದಶಮಾಂಶದ 2.5, ಎರಡೂ ಒಂದೇ ಹೊಲ, ಯಾಕೆ ಅಂತ ಮಕ್ಕಳೇ ಹೇಳಲಿ. ಪಾಠ ನಾನು ಮಾಡುವುದು, ಅಕ್ಕಾರು ಬಂದು ಹಿಂದಿನ ಬೆಂಚಿನಲ್ಲಿ ಕೂರುವುದು. ಅದಕ್ಕೆ ಅವರಿಗೆ ಒಒಡಿ (ಅನ್ಯ ಕಾರ್ಯದ ಅನುಮತಿ) ಸಿಗುವುದಿಲ್ಲ, ಒಂದು ಸಿಎಲ್ ಹಾಕಿ ಬರುತ್ತೇನೆ ಅಂದರು.

ಏಳುವ ಹೊತ್ತಿಗೆ ಅದೇ ದಾರಿಯಲ್ಲಿ ಹೊರಟಿದ್ದ ಸಿಆರ್‌ಪಿ ಸರ್ ಬೈಕ್ ನಿಲ್ಲಿಸಿ ಒಳಗೆ ಬಂದರು. ಈ ಎರಡೂವರೆ ಗಂಟೆಯನ್ನು ನಮ್ಮ 50 ಗಂಟೆಯಲ್ಲಿ ಎಲ್ಲಿ ತೋರಿಸಬೇಕು ಅಂತ ಕೇಳಿದೆ. "ಇದಕ್ಕ ಕಾಲಂ ಇಲ್ರಿ ಸರ" ಅಂದರು ಅವರು, ಆಮೇಲೆ ನಮ್ಮ ಮುಖ ನೋಡಿ ಪಾಪ ಅನ್ನಿಸಿತೋ ಏನೋ, "ಬೇಕಂದ್ರ ನಿಮ್ಮ ಡೈರಿಯೊಳಗ ಬರಕೊಳ್ರಿ, 2.30 ಅಂತ."